ಕಾಗದದ ಕೈ

ಬ್ಲ್ಯಾಕ್‌ಟೌನ್, ಸಿಡ್ನಿ
ಫೆಬ್ರವರಿ 12, ರಾತ್ರಿ

ಪುಟ್ಟಿ,

ಕನ್ನಡದಲ್ಲೇ ಬರೆದಿದ್ದೀನಿ, ನಿಧಾನವಾಗಿ ಓದು. ಒತ್ತಕ್ಷರ ಕಾಡಿದರೆ ಸಂಜೆ ಕೇಳು.

ಸಂಜೆ ನೀನು ಬಣ್ಣದ ಕಾಗದದ ಮೇಲೆ ಅಂಗೈ ಇಟ್ಟು, ಸುತ್ತ ಗೀಟೆಳೆದು ಕತ್ತರಿಸ್ತಾ ಇದ್ದೆ. ಈ ದೇಶದ ಮೂಲನಿವಾಸಿಗಳ ಮಕ್ಕಳನ್ನು ಅಪ್ಪ ಅಮ್ಮನಿಂದ ಕಿತ್ತುಕೊಂಡದ್ದಕ್ಕೆ ಸರ್ಕಾರ ಸಾರಿ ಕೇಳಿದ ದಿನ ನಾಳೆ, ಅದಕ್ಕೆ ಎಲ್ಲರೂ ಅದರ ಮೇಲೆ ಒಂದು ಮಾತು ಬರೆದು ಶಾಲೆಯ ಹುಲ್ಲಿನಲ್ಲಿ ನೆಡಬೇಕಂತೆ. "ನಾವು ಬಂದು ಆರು ವರ್ಷ ಆಯ್ತಷ್ಟೇ, ನಾನ್ಯಾಕಮ್ಮ ಸಾರಿ ಹೇಳಬೇಕು?" ಅಂದೆ. ನಾನು ಒಗ್ಗರಣೆ ಗಡಿಬಿಡಿಯಲ್ಲಿ "ಸುಮ್ನೆ ಟೀಚರ್ ಹೇಳಿದ್ದು ಮಾಡು" ಅಂದುಬಿಟ್ಟೆ. ನೀನು ಕತ್ತರಿ ಕೆಳಗಿಟ್ಟು ಎದ್ದು ಹೋದೆ.

ತಪ್ಪಾಯ್ತು. ಒಳ್ಳೆ ಪ್ರಶ್ನೆ ಅದು.

ನಾವು ಇಲ್ಲಿಗೆ ಬಂದ ಹೊಸದರಲ್ಲಿ ಬ್ಲ್ಯಾಕ್‌ಟೌನ್, ಅಂದರೆ 'ಕರಿಯರ ಊರು', ಅನ್ನೋ ಹೆಸರು ಕೇಳಿ ನಕ್ಕಿದ್ದೆವು, ಅಲ್ವಾ? ಆ ಹೆಸರು ಬಂದಿದ್ದು ಒಂದು ಶಾಲೆಯಿಂದ. 1814ರಲ್ಲಿ ಇಲ್ಲಿನ ಬ್ರಿಟಿಷ್ ಗವರ್ನರ್ ಮ್ಯಾಕ್ವಾರಿ ಮೂಲನಿವಾಸಿ ಮಕ್ಕಳಿಗೆ ಅಂತ ಪ್ಯಾರಮಟ್ಟಾದಲ್ಲಿ ಅದನ್ನು ಸ್ಥಾಪಿಸಿದ. 1823ರಲ್ಲಿ ಅದು ಈ ಕಡೆಗೆ ಬಂತು. ಒಮ್ಮೆ ಸೇರಿಸಿದರೆ ಮುಗೀತು, ಹುಡುಗಿಯರಿಗೆ 14, ಹುಡುಗರಿಗೆ 16 ತುಂಬುವವರೆಗೆ ಅಪ್ಪ ಅಮ್ಮನೇ ಬಂದು ಕರೆದರೂ ಕಳಿಸುವಂತಿಲ್ಲ. ಅದು ಪ್ಯಾರಮಟ್ಟಾದಲ್ಲಿದ್ದಾಗ ಅಲ್ಲಿ ಮರಿಯಾ ಅಂತ, ಈ ನೆಲದ ಮೂಲನಿವಾಸಿಗಳಾದ ಧಾರುಗ್ ಜನರ ಹುಡುಗಿ ಇದ್ದಳು. 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೂ ಹಿಂದೆ ಹಾಕಿ ಮೊದಲ ಬಹುಮಾನ ಪಡೆದವಳು ಅವಳೇ ಅಂತಾರೆ. ಆ ಬಹುಮಾನ ತೋರಿಸೋಕೆ ಮನೆಗೆ ಓಡುವ ಹಾಗಿರಲಿಲ್ಲ. ನನಗೆ ಅದೇ ಜಾಸ್ತಿ ಕಾಡುತ್ತೆ.

ಆಮೇಲೆ ಇಡೀ ದೇಶದಲ್ಲಿ ಸರ್ಕಾರದವರು ಕಾನೂನು ಮಾಡಿಕೊಂಡೇ ಮೂಲನಿವಾಸಿ ಮಕ್ಕಳನ್ನು ಎತ್ತಿಕೊಂಡು ಹೋದರು. 1970ರ ಹತ್ತಿರದವರೆಗೂ ನಡೀತು. ಅಂಥ ಹುಡುಗರನ್ನು ಇಟ್ಟಿದ್ದ ಕಿಂಚೇಲಾ ಅನ್ನೋ ಕಡೆ ಅವರನ್ನು ಹೆಸರು ಬಿಟ್ಟು ನಂಬರ್ ಹಿಡಿದು ಕರೀತಿದ್ದರು. 1997ರಲ್ಲಿ ಇದೆಲ್ಲ ಒಂದು ವರದಿಯಾಗಿ ಸಂಸತ್ತಿಗೆ ಬಂತು. ಆಗಿನ ಪ್ರಧಾನಿ ಜಾನ್ ಹೋವರ್ಡ್ ಸರ್ಕಾರದ ಪರವಾಗಿ ಕ್ಷಮೆ ಕೇಳೋಕೆ ಒಪ್ಪಲೇ ಇಲ್ಲ. ಹಿಂದಿನವರು ಮಾಡಿದ್ದಕ್ಕೆ ಈಗಿನವರು ಯಾಕೆ ಹೊಣೆ ಅಂತ ಅವರ ವಾದ. ಹೆಚ್ಚುಕಮ್ಮಿ ನಿನ್ನ ಪ್ರಶ್ನೆಯೇ! ಕೊನೆಗೆ 2008ರ ಫೆಬ್ರವರಿ 13ರಂದು ಹೊಸ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ಸಾರಿ ಅಂದರು. ಪ್ರಧಾನಿಯಾಗಿ ಒಮ್ಮೆ, ಸರ್ಕಾರದ ಪರವಾಗಿ ಒಮ್ಮೆ, ಸಂಸತ್ತಿನ ಪರವಾಗಿ ಒಮ್ಮೆ. ಪರಿಹಾರದ ದುಡ್ಡಿನ ಮಾತು ಮಾತ್ರ ಇರಲಿಲ್ಲ. ಅದರ ಸಿಟ್ಟು ಅವತ್ತೇ ಇತ್ತು, ಇರಬೇಕಾದ್ದೇ.

ರಡ್ ಯಾವ ಮಗುವನ್ನೂ ಎತ್ತಿಕೊಂಡು ಹೋಗಿರಲಿಲ್ಲ. ಮತ್ಯಾಕೆ ಸಾರಿ? ನಿನ್ನ ತಾತ ತೀರಿಕೊಂಡಾಗ ಸೊಸೈಟಿ ಸಾಲ ಉಳಿದಿತ್ತು. ಕಟ್ಟಿದ್ದು ನಿನ್ನ ಮಾವ. ಸಾಲ ಮಾಡಿದ್ದು ಅವನಲ್ಲ, ಆದರೆ ಗದ್ದೆ ಈಗ ಅವನದು. ನಾವೂ ಹೋದ ವರ್ಷ ಕೌನ್ಸಿಲ್ ಹಾಲ್‌ನಲ್ಲಿ ನಿಂತು ಈ ದೇಶದವರಾದೆವು. ಮನೆ ಕೊಂಡಿದ್ದೂ ಧಾರುಗ್ ಜನರ ನೆಲದಲ್ಲೇ. ನಿನ್ನನ್ನು ಯಾರೂ ತಪ್ಪಿತಸ್ಥೆ ಅಂತಿಲ್ಲ ಕಂದಾ.

ಆ ಹಳೇ ಶಾಲೆಯ ಜಾಗ ಓಕ್‌ಹರ್ಸ್ಟ್‌ನಲ್ಲಿದೆ, ರಿಚ್ಮಂಡ್ ರೋಡ್ ಪಕ್ಕದಲ್ಲೇ. ನಾವು ಎಷ್ಟು ಸಲ ದಾಟಿಲ್ಲ! 2018ರಲ್ಲಿ ಅದನ್ನು ಧಾರುಗ್ ಜನರಿಗೆ ವಾಪಸ್ ಕೊಟ್ಟರು. ಭಾನುವಾರ ಆ ಕಡೆ ಹೋಗೋಣವಾ?

ನಿನ್ನ ಕಾಗದದ ಕೈ ಬ್ಯಾಗಿನ ಮುಂದಿನ ಜೇಬಿನಲ್ಲಿದೆ. ಕಿರುಬೆರಳು ಅರ್ಧ ಹರಿದಿತ್ತು, ಟೇಪ್ ಹಚ್ಚಿದ್ದೀನಿ. ಏನೂ ಬರೆದಿಲ್ಲ. ಏನು ಬರೀಬೇಕು ಅನ್ನೋದು ನಿನಗೆ ಬಿಟ್ಟಿದ್ದು.

ಅಮ್ಮ