ಘಾಟಿ ಮಾದರಿಗೆ ಬಣ್ಣ ಹಚ್ಚುವ ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ರೈಲು ಮಾರ್ಗದ ಮಾದರಿಯನ್ನು 1:87 ಪ್ರಮಾಣದಲ್ಲಿ (ಅಂದರೆ ನಿಜದ ಅಳತೆಯ 87ನೇ ಒಂದು ಭಾಗದಷ್ಟು) ಕಟ್ಟುತ್ತಿರುವವರು ದಯವಿಟ್ಟು ಗಮನಿಸಬೇಕು. ಅಲ್ಲಿನ ಏರು 50ಕ್ಕೆ 1 ಇರುವುದರಿಂದ ನಮ್ಮ ಹಲಗೆಯ ಮೇಲೆ ಮೀಟರಿಗೆ 2 ಸೆಂ.ಮೀ. ಎತ್ತರ ಸಾಕು.

ಜಲ್ಲಿ ಹರಡಿದ ನಂತರ, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಿ ಡ್ರಾಪರ್‌ನಿಂದ ಬಿಟ್ಟರೆ ಅಂಟು ಕಲ್ಲುಗಳ ನಡುವೆ ಸಲೀಸಾಗಿ ಇಳಿಯುತ್ತದೆ. ತುಕ್ಕಿನ ಕಂದು ಬಣ್ಣ ಹಳಿಯ ಪಕ್ಕಗಳಿಗೆ ಮಾತ್ರ. ಚಕ್ರ ಉರುಳುವ ಮೇಲ್ಮೈಗೆ ತಗುಲಿದ್ದನ್ನು ಒಣಗುವ ಮೊದಲೇ ಒರೆಸದಿದ್ದರೆ ಮಾದರಿ ಎಂಜಿನ್‌ಗೆ ಹಳಿಯ ಮೂಲಕ ಬರುವ ವಿದ್ಯುತ್ ಸರಿಯಾಗಿ ದೊರೆಯುವುದಿಲ್ಲ.

ಮಲೆನಾಡಿನ ಸುರಂಗದ ಬಾಯಿಗೆ ತುಕ್ಕಿಗಿಂತ ಪಾಚಿಯೇ ಮುಖ್ಯವೆಂಬುದು ನನ್ನ ಅಭಿಪ್ರಾಯ: ತೀರ ತೆಳುವಾಗಿಸಿದ ಕಪ್ಪು ಬಣ್ಣವನ್ನು ಮೇಲಿನಿಂದ ಕೆಳಕ್ಕೆ ಹರಿಯಬಿಟ್ಟು, ಪೂರ್ತಿ ಒಣಗಿದ ಮೇಲೆ ಕಲ್ಲಿನ ಸಂದುಗಳಿಗೆ ಹಸಿರು ಪುಡಿಯನ್ನು ಕುಂಚದಿಂದ ಒತ್ತಬೇಕು. ಆ ಜಾಗದ ಮಳೆಗಾಲದ ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಬೇಕೆಂದು ಕಳಕಳಿಯಿಂದ ವಿನಂತಿಸುತ್ತೇನೆ.