ಪಾಯಿಂಟ್ ಕಿತ್ತು ಹಾಕುವ ಮೊದಲು ಬೇರಿಂಗ್ ನೋಡಿ

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ಜಾವಾ ಬೈಕುಗಳ ಬಗ್ಗೆ ಬಂದ ಬರಹ ಓದಿದೆ. ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಗಾಡಿ ಬಗ್ಗೆ ಯಾರು ಏನು ಬರೆದರೂ ನಮ್ಮ ಕಡೆಯವರಿಗೆ ಖುಷಿನೇ. ಆದರೆ ಕೊನೆಯಲ್ಲಿ ಕೊಟ್ಟ ಸಲಹೆಯನ್ನು ಮಾತ್ರ ಒಪ್ಪೋಕಾಗಲಿಲ್ಲ. ಕಿಡಿ ಬರಿಸುವ ಹಳೇ ಸ್ವಿಚ್ಚಾದ ಪಾಯಿಂಟ್, ಕರೆಂಟ್ ಹುಟ್ಟಿಸುವ ಡೈನಮೋ ಎಲ್ಲ ಕಿತ್ತು ಹಾಕಿ, ಸೆನ್ಸರ್‌ನಿಂದ ಕಿಡಿ ಕೊಡುವ 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್ ಹಾಕಿಸಿಬಿಡಿ ಅಂತ ಎಲ್ಲರಿಗೂ ಒಂದೇ ಮದ್ದು ಬರೆದಿದ್ದಾರೆ.

ನಾನು ಕಂಬ ಹತ್ತಿ ಜೀವನ ಮಾಡಿದ ನಿವೃತ್ತ ಲೈನ್‌ಮನ್. ನನ್ನ ಹತ್ತಿರ ಇರುವುದು ನಮ್ಮ ತಂದೆಯ 1968ರ ಜಾವಾ 250. ಈಗಲೂ ಕಡಕೊಳದ ಮೇಲೆ ಮೈಸೂರಿಗೆ ಅದರಲ್ಲೇ ಹೋಗಿಬರುತ್ತೇನೆ, ಅದೇ ಪಾಯಿಂಟ್, ಅದೇ 6 ವೋಲ್ಟ್ ಡೈನಮೋ. ಹಾಗಂತ ಎಲೆಕ್ಟ್ರಾನಿಕ್ ಅಂದರೆ ಮೂಗು ಮುರಿಯುವವನೂ ಅಲ್ಲ. ಜಾವಾ ಮಾಡಿದ ಕಾರ್ಖಾನೆಯೇ ಕೊನೆಕೊನೆಗೆ ತನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿಗೆ ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತು. 1996ರಲ್ಲಿ ಬಾಗಿಲು ಮುಚ್ಚದೆ ಇದ್ದಿದ್ದರೆ ಇನ್ನೂ ಏನೇನು ಹಾಕುತ್ತಿದ್ದರೋ. ನನ್ನ ತಕರಾರು ಬೇರೆ. ಕಾಯಿಲೆ ಯಾವುದು ಅಂತ ನೋಡದೆ ಆಪರೇಷನ್‌ಗೆ ಕರೆದುಕೊಂಡು ಹೋಗಬೇಡಿ ಅಂತ.

ಮೊದಲು ಅರ್ಥಿಂಗ್ ವಿಷಯ. ಈಗ ಹಳೇ ಬೈಕು ರಿಸ್ಟೋರ್ ಮಾಡಿಸುವುದು ಜಾಸ್ತಿಯಾಗಿದೆ. ಫ್ರೇಮಿಗೆ ದಪ್ಪಗೆ ಪೌಡರ್ ಕೋಟಿಂಗ್ ಮಾಡಿಸುತ್ತಾರೆ, ಹೊಳೆಯುತ್ತೆ, ಸರಿ. ಆದರೆ ಬ್ಯಾಟರಿಯ ಅರ್ಥ್ ವೈರು, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ನ ಬ್ರಾಕೆಟ್ಟು ಎಲ್ಲ ಆ ಬಣ್ಣದ ಮೇಲೇ ಕೂತಿರುತ್ತವೆ. ಕರೆಂಟ್ ವಾಪಸ್ ಹೋಗೋದು ಎಲ್ಲಿಂದ? 12 ವೋಲ್ಟಿನಲ್ಲಿ ಲೂಸ್ ಕಾಂಟ್ಯಾಕ್ಟಿಗೆ ಒಂದು ವೋಲ್ಟ್ ಸೋರಿದರೆ ಹೇಗೋ ನಡೆಯುತ್ತದೆ. 6ರಲ್ಲಿ ಒಂದು ಹೋದರೆ ಕಿಡಿ ಸೊರಗುತ್ತದೆ. ಬೋಲ್ಟಿನ ಅಡಿ ಬಣ್ಣ ಕೆರೆದು, ಒಳ್ಳೇ ವೈರು ಬಿಗಿದರೆ ಮುಗಿಯುವ ಕೆಲಸ. ಇದಕ್ಕೆ ಕಿಟ್ ಹಾಕಿಸಿಕೊಂಡವರನ್ನು ನೋಡಿದ್ದೇನೆ. ಕಿಟ್ ಹಾಕುವಾಗ ಹೊಸ ಅರ್ಥ್ ವೈರೂ ಎಳೆಯುತ್ತಾರೆ, ಬೈಕು ಸ್ಟಾರ್ಟ್ ಆಗುತ್ತೆ, ಹೆಸರು ಕಿಟ್ಟಿಗೆ!

ಇದಕ್ಕಿಂತ ದೊಡ್ಡದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಳ್ಳಿ ತಿರುಗಿಸುವ ದಂಡದ, ಬೇರಿಂಗ್. ಜಾವಾದ ಬಲಗಡೆ ಕವರ್ ಬಿಚ್ಚಿದರೆ ಡೈನಮೋ ಕಾಣುತ್ತದೆ. ಅದರ ತಿರುಗುವ ಭಾಗವಾದ ಆರ್ಮೇಚರ್ ನೇರವಾಗಿ ಕ್ರ್ಯಾಂಕಿನ ತುದಿಗೇ ಕೂತಿರುತ್ತದೆ, ಹೊರಗಡೆಯಿಂದ ಅದಕ್ಕೆ ಬೇರೆ ಆಸರೆ ಇಲ್ಲ. ಪಾಯಿಂಟ್ ತೆರೆಯುವ ಕ್ಯಾಮೂ ಅಲ್ಲೇ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಇರಬೇಕು. ಪಿಸ್ಟನ್ ತುದಿ ಮುಟ್ಟಲು ಸುಮಾರು 3 ಮಿ.ಮೀ. ಬಾಕಿ ಇರುವಾಗ ಕಿಡಿ ಬೀಳಬೇಕು. ಈಗ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಸಂದಿನಲ್ಲಿ ಇಟ್ಟುಕೊಂಡೇ ಆರ್ಮೇಚರನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡಿ. ಬೇರಿಂಗ್ ಚೆನ್ನಾಗಿದ್ದರೆ ಅದು ಜಗ್ಗುವುದಿಲ್ಲ. ಸವೆದಿದ್ದರೆ ಗೇಜು ಒಂದು ಸಲ ಬಿಗಿಯುತ್ತೆ, ಒಂದು ಸಲ ಸಡಿಲವಾಗಿ ಜಾರುತ್ತೆ. ಎಂಜಿನ್ ಓಡುವಾಗ ಪ್ರತಿ ಸುತ್ತಿಗೂ ಇದೇ ಕಥೆ. ಕಿಡಿ ಒಂದು ಸಲ ಬೇಗ, ಒಂದು ಸಲ ತಡ. ಕಿಕ್ ವಾಪಸ್ ಹೊಡೆದು ಮೊಣಕಾಲಿನ ಕೆಳಗೆ ನೀಲಿಗಟ್ಟಿಸಿಕೊಂಡವರಿಗೆ ನಾನು ಹೇಳುವುದು ಗೊತ್ತಾಗುತ್ತದೆ.

ಇಂಥ ಬೈಕಿಗೆ ಎಲೆಕ್ಟ್ರಾನಿಕ್ ಕಿಟ್ ಹಾಕಿದರೆ ಏನಾಗುತ್ತೆ? ಮೊದಲು ಚೆನ್ನಾಗೇ ಓಡುತ್ತೆ. ಸೆನ್ಸರ್‌ಗೆ ಆ ಅಲ್ಲಾಟ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಬೇರಿಂಗ್ ಸವೆಯುವುದು ನಿಲ್ಲಲ್ಲ ಅಲ್ವಾ? ಕಿಟ್ಟಿನ ಮ್ಯಾಗ್ನೆಟ್ ರೋಟರ್ ಕೂರುವುದೂ ಅದೇ ಕ್ರ್ಯಾಂಕ್ ತುದಿಯಲ್ಲಿ. ಅಲ್ಲಾಟ ಹೆಚ್ಚಾದಂತೆ ಅದು ಕಿಟ್ಟಿನ ಕಾಯಿಲ್‌ಗಳನ್ನು ಉಜ್ಜೋಕೆ ಶುರು ಮಾಡುತ್ತೆ. ಆಗ ಕಿಟ್ಟಿನ ದುಡ್ಡೂ ಹೋಯಿತು, ಎಂಜಿನ್ ಬಿಚ್ಚುವ ಖರ್ಚೂ ಬಂತು.

ಪಾಯಿಂಟಿನ ಜೊತೆ ಇದ್ದು ಅಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬಗ್ಗೆ ಒಂದೇ ಮಾತು. ಎಂಜಿನ್ ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಮೊದಲ ಅನುಮಾನ ಅದರ ಮೇಲಿರಲಿ. ಒಳ್ಳೇದು ಹುಡುಕಿ ಹಾಕಿ.

ಇಷ್ಟೆಲ್ಲ ನೋಡಿದ ಮೇಲೂ ಕಿಟ್ ಬೇಕು ಅನ್ನುವವರು ಇದ್ದಾರೆ, ಅವರದ್ದು ತಪ್ಪಲ್ಲ. ಜಾವಾದ ಡೈನಮೋ 45 ವ್ಯಾಟಿನದು. ಸಿಗ್ನಲ್‌ನಲ್ಲಿ ನಿಂತಾಗ ಚಾರ್ಜ್ ಆಗುವುದಿಲ್ಲ, ಹೆಡ್‌ಲೈಟ್ ಕೆಂಪಗಾಗುತ್ತೆ. ನಾನು ಕತ್ತಲಾಗುವ ಮೊದಲೇ ಮನೆ ಸೇರುವವನು. ದಿನಾ ರಾತ್ರಿ ಲಾರಿಗಳ ಮಧ್ಯೆ ಓಡಿಸುವ ಹುಡುಗನಿಗೆ ಬೆಳಕು ಬೇಕೇ ಬೇಕು. ಹೊಂಡ ಕಾಣದೆ ಬಿದ್ದರೆ ಒರಿಜಿನಲ್ ಇಟ್ಟುಕೊಂಡು ಏನು ಮಾಡೋದು? ಅಂಥವರು ಹಾಕಿಸಲಿ. ಆದರೆ ಕೇಸಿಂಗ್‌ಗೆ ಹೊಸ ತೂತು ಕೊರೆಸಬೇಡಿ. ಬಿಚ್ಚಿದ ಡೈನಮೋ, ಪಾಯಿಂಟ್ ಪ್ಲೇಟು, ಚಾರ್ಜಿಂಗ್ ನಿಯಂತ್ರಿಸುವ ಕಟೌಟ್ ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿ ಅಟ್ಟದ ಮೇಲಿಡಿ. ತಾಮ್ರದ ಆಸೆಗೆ ಗುಜರಿಗೆ ತೂಕಕ್ಕೆ ಹಾಕುತ್ತಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತೆ. ಕಾರ್ಖಾನೆಯ ಅಂಥ ಒರಿಜಿನಲ್ ಮತ್ತೆ ತಯಾರಾಗುವುದಿಲ್ಲ.

ಡಬ್ಬದಲ್ಲಿಡಿ ಅನ್ನೋಕೆ ಇನ್ನೊಂದು ಕಾರಣವಿದೆ, ಲೇಖಕರು ಅದನ್ನು ಮುಟ್ಟಲೇ ಇಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಸರಣಿಯ ನಂಬರ್ ಕೊಡುತ್ತಾರೆ. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಅನ್ನುವುದು ಷರತ್ತು. ಆ ನಂಬರ್ ತೆಗೆದುಕೊಂಡರೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಅಂತ ಹೊರಗೆ ತೆಗೆಯಬಹುದು ಅಷ್ಟೇ. ವರ್ಷಕ್ಕೆ ನಾಲ್ಕಾರು ಸಲ ಓಡುವ ಅಂಥ ಗಾಡಿಗೆ ಕಿಟ್ ಯಾಕೆ ಬೇಕು? ಪಾಯಿಂಟ್ ಧಾರಾಳ ಸಾಕು. ದಿನಾ ಓಡಿಸುವವರು ಹಳೇ ನಂಬರಿನಲ್ಲೇ ಇದ್ದು ಕಿಟ್ ಹಾಕಿಸಿಕೊಳ್ಳಲಿ.

ಒಂದೇ ಗೊಂದಲ. ಇಗ್ನಿಷನ್ ಬದಲಾಯಿಸಿದರೆ ಅದು ಎಂಜಿನ್ ಮಾರ್ಪಾಡು ಆಗುತ್ತದೋ, ಇಲ್ಲವೋ? 70ರ ದಶಕದ ಮೊದಲ ಯೆಜ್ಡಿಗಳಿಗೂ ಈಗ 50 ತುಂಬುತ್ತಿದೆ, ಅವುಗಳಲ್ಲಿ ಎಷ್ಟೋ ಗಾಡಿಗಳು ಆಗಲೇ ಕಿಟ್ ಹಾಕಿಸಿಕೊಂಡಿವೆ. ಅವುಗಳ ಮಾಲೀಕರು ನಂಬರ್ ಕೇಳಿಕೊಂಡು ಬಾಗಿಲಿಗೆ ಬರುವ ಮೊದಲೇ ನಮ್ಮ ಸಾರಿಗೆ ಇಲಾಖೆ ಇದಕ್ಕೆ ಒಂದು ಸಾಲಿನ ಉತ್ತರ ಬರೆದು ಆರ್‌ಟಿಒ ಕಚೇರಿಗಳ ಗೋಡೆಗೆ ಅಂಟಿಸಲಿ.

ಇತಿ,
ಒಬ್ಬ ನಿವೃತ್ತ ಲೈನ್‌ಮನ್
ನಂಜನಗೂಡು