ಕೊನೆಯ ಅಧ್ಯಾಯ ಬೇಡ, ತಂಗೀ

ಶಿರಸಿ

ಪ್ರೀತಿಯ ತಂಗೀ,

ನಿನ್ನ ಕಾಗದದ ಜೊತೆಗೆ ನಿನ್ನ ಕಾದಂಬರಿಯ ಓದುಗರ ಪತ್ರಗಳ ಕಟ್ಟೂ ತಲುಪಿತು. ಅಕ್ಷರದೋಷ, ಪ್ರಕಾಶಕರು ಕೊಡಬೇಕಾದ ದುಡ್ಡು, ಮುಖಪುಟ, ಇದನ್ನೆಲ್ಲ ನನ್ನ ಹತ್ತಿರ ಕೇಳಬೇಡ. ಅದಕ್ಕೆ ಕಾರವಾರದಲ್ಲೇ ತಿಳಿದವರಿದ್ದಾರೆ. ಕೊನೆಗೆ ಸಣ್ಣಕ್ಷರದಲ್ಲಿ ಕೇಳಿದ್ದೀಯಲ್ಲ, 'ಎರಡನೇ ಮುದ್ರಣಕ್ಕೆ ತಮ್ಮ ಮರಳಿ ಸಿಗುವ ಒಂದು ಅಧ್ಯಾಯ ಸೇರಿಸಲೇ ಮಾಸ್ತರೆ' ಎಂದು, ಅದಕ್ಕಷ್ಟೇ ಉತ್ತರ ಬರೆಯುತ್ತೇನೆ. ಸೇರಿಸಬೇಡ.

ಜನ ಸಿಟ್ಟಾಗಿದ್ದಾರೆ, ನಿಜ. ಅಂಕೋಲೆಯವರೊಬ್ಬರು 'ಇಂಥದ್ದನ್ನು ಬರೆಯಲು ಮನಸ್ಸಾದರೂ ಹೇಗೆ ಬಂತು' ಅಂದಿದ್ದಾರೆ. ಇನ್ನೊಬ್ಬರು ಪುಸ್ತಕವನ್ನು ಮನೆಯಲ್ಲಿಟ್ಟುಕೊಳ್ಳಲಾರದೆ ಲೈಬ್ರರಿಗೆ ಕೊಟ್ಟುಬಿಟ್ಟರಂತೆ. (ಲೈಬ್ರರಿಗೆ ಒಂದು ಪ್ರತಿ ಸೇರಿತಲ್ಲ, ಅಷ್ಟಾದರೂ ಆಯಿತು.) ಹದಿನಾಲ್ಕರ ಅಕ್ಕ ಒಂಬತ್ತರ ತಮ್ಮನನ್ನು ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಬಿಟ್ಟು, ಬಸ್ಸು ಹತ್ತಿ ಅರಬೈಲು ಘಟ್ಟ ಇಳಿದು ಬಂದರೆ ಯಾರಿಗೆ ತಡೆದೀತು? ನಾನೂ ಪುಸ್ತಕ ಮಗುಚಿಟ್ಟು ಅಂಗಳದಲ್ಲಿ ತಿರುಗಿದೆ.

ಅವರನ್ನು ಬೈದು ಪ್ರಯೋಜನವಿಲ್ಲ. ನಾವೆಲ್ಲ ಯಕ್ಷಗಾನದಲ್ಲಿ ಚಂದ್ರಹಾಸನ ಆಟ ನೋಡಿ ಬೆಳೆದವರು. ತಬ್ಬಲಿ ಹುಡುಗನನ್ನು ಕೊಲ್ಲಲು ಕಾಡಿಗೆ ಒಯ್ದವರು ಕಾಲಿನ ಆರನೇ ಬೆರಳನ್ನಷ್ಟೇ ಕತ್ತರಿಸಿ ಬಿಡುತ್ತಾರೆ. ಬೆಳಗಾಗುವುದರೊಳಗೆ ಅವನು ಮಂತ್ರಿಯ ಅಳಿಯ, ಕುಂತಳದ ರಾಜ. ಸತ್ತ ಮಾವನನ್ನೂ ಭಾವನನ್ನೂ ಕಾಳಿ ಎಬ್ಬಿಸಿಕೊಡುತ್ತಾಳೆ. ಆಮೇಲೆ ಮಂಗಳ. ಆ ಮಂಗಳ ಕೇಳಿಯೇ ಚಾಪೆ ಸುತ್ತಿಕೊಂಡು ಮನೆಗೆ ಹೋಗಿ ರೂಢಿಯಾದವರಿಗೆ ನಿನ್ನ ಕೊನೆಯ ಪುಟ ಅರ್ಧರಾತ್ರಿಗೆ ಆಟ ನಿಂತ ಹಾಗೆ ಕಂಡಿದೆ. ಕಾಣಲಿ.

ನನ್ನದೊಂದು ಹಳೇ ಹೊಟ್ಟೆಯುರಿ ಹೇಳುತ್ತೇನೆ. ನನ್ನ ಪ್ರಾಯದ ಕಾಲದಲ್ಲಿ ಒಂದು ಪತ್ರಿಕೆಯ ಸಂಪಾದಕರು ನನ್ನ ಕಥೆಯ ತುದಿಗೆ ನನ್ನನ್ನು ಕೇಳದೆ ಎರಡು ವಾಕ್ಯ ಅಂಟಿಸಿದರು. ಹುಡುಗಿಗೆ ನೌಕರಿಯ ಆರ್ಡರು ಬರುತ್ತದೆ, ಅವಳ ತಾಯಿ ದೇವರಿಗೆ ದೀಪ ಹಚ್ಚುತ್ತಾಳೆ. ಇವತ್ತಿಗೂ ಸಭೆಯಲ್ಲಿ ನನ್ನನ್ನು ಪರಿಚಯಿಸುವವರು ಆ ಎರಡು ವಾಕ್ಯವನ್ನೇ ಬಾಯಿಪಾಠ ಹೇಳುತ್ತಾರೆ. ನಾನು ಶಾಲು ಹೊದ್ದು ಕೂತು ಕೇಳಬೇಕು. ಸಂಪಾದಕರು ತೀರಿಕೊಂಡರು, ದೀಪ ಆರಲಿಲ್ಲ. ನಿನಗೆ ಇನ್ನೊಬ್ಬರ ಕಾಟವಿಲ್ಲ. ನೀನೇ ನಿನ್ನ ಪುಸ್ತಕಕ್ಕೆ ಆ ಕೆಲಸ ಮಾಡಲು ಹೊರಟಿದ್ದೀಯಲ್ಲ, ಅದಕ್ಕೆ ನನಗೆ ಸಿಟ್ಟು.

ಬೈದವರೂ ಹೊಗಳಿದವರೂ ಸ್ಟೇಷನ್ನಿನಲ್ಲೇ ಸಿಕ್ಕಿಕೊಂಡಿದ್ದಾರೆ. ತಹಶೀಲ್ದಾರ್ ಕಚೇರಿಯ ಪುಟದ ಬಗ್ಗೆ ಒಬ್ಬರೂ ಬರೆದಿಲ್ಲ. ಅಪ್ಪನ ದೋಣಿ ಸಿಕ್ಕಿತು, ಅಪ್ಪ ಸಿಗಲಿಲ್ಲ. ಅವ್ವ ಸತ್ತದ್ದಕ್ಕೆ ದಾಖಲೆಯಿದೆ, ಅಪ್ಪನದಕ್ಕೆ ಇಲ್ಲ. 7 ವರ್ಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಕಾನೂನು ಅವನನ್ನು ಸತ್ತವನೆಂದು ಎಣಿಸುತ್ತದೆ. ಅಲ್ಲಿಯವರೆಗೆ ಈ ಮಕ್ಕಳು ಕಾಗದದಲ್ಲಿ ಅಪ್ಪನಿರುವವರು, ಮನೆಯಲ್ಲಿ ಯಾರೂ ಇಲ್ಲದವರು. ಆ ಹೊತ್ತಿಗೆ ತಮ್ಮನಿಗೆ ಹದಿನಾರಾಗುತ್ತದೆ ಎಂದು ಹುಡುಗಿ ಬೆಂಚಿನ ಮೇಲೆ ಬೆರಳು ಮಡಚಿ ಲೆಕ್ಕ ಹಾಕುತ್ತಾಳೆ. ಅವನನ್ನು ಸ್ಟೇಷನ್ನಿನಲ್ಲಿ ಬಿಟ್ಟದ್ದು ಅದಕ್ಕೇ: ಯಾರೂ ಇಲ್ಲದ ಮಗು ಎಂದು ಯಾರಾದರೂ ಬರೆದುಕೊಳ್ಳಲಿ ಎಂದು. ತಮ್ಮ ಮರಳಿ ಸಿಕ್ಕರೆ ಆ ಲೆಕ್ಕ ಏನಾಯಿತು, ತಂಗೀ? ಅಂಥ ಪುಟ ಬರೆದವಳು ನೀನು, ಅಂಕೋಲೆಯವರ ಒಂದು ಮಾತಿಗೆ ನಡುಗುತ್ತೀಯಲ್ಲ.

ಹಾಗೆಂದು ಎಲ್ಲವೂ ಸರಿಯಿದೆ ಎಂದುಕೊಳ್ಳಬೇಡ. ಸ್ಟೇಷನ್ನಿನಲ್ಲಿ ಮಳೆ ಯಾಕೆ? ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಅವಳು ತಿರುಗಿ ನೋಡದೆ ಅಷ್ಟೂ ದೂರ ನಡೆದರೆ ಸಾಕು, ಮಳೆ ತೆಗೆ. 'ಚಿಕ್ಕಪ್ಪ ಇಷ್ಟು ಕೆಟ್ಟವನೇ' ಎಂದು ಪತ್ರದಲ್ಲಿ ಕೇಳಿದ ಹುಡುಗನ ಮಾತೂ ಖರೆ. ಚಿಕ್ಕಪ್ಪ ಬರೀ ಕುಡಿಯುತ್ತಾನೆ, ಹೊಡೆಯುತ್ತಾನೆ. ಅದು ಸುಲಭದ ಕತ್ತಲೆ. ಅವನು ಬೋಟಿನ ಸಾಲ ಹೊತ್ತವನು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಬೋಟು ದಡದಲ್ಲಿ, ಬಲೆ ಶೆಡ್ಡಿನಲ್ಲಿ. ಆ 61 ದಿನ ಮನೆಗೆ ಅಕ್ಕಿ ಎಲ್ಲಿಂದ ಬರುತ್ತದೆ, ಎರಡು ಹೊಟ್ಟೆ ಹೆಚ್ಚಾದದ್ದು ಯಾವ ಊಟದ ಹೊತ್ತಿಗೆ ಅವನ ಕಣ್ಣಿಗೆ ಬಿತ್ತು, ಅದನ್ನು ಬರಿ. ಮೀನುಪೇಟೆಯ ಮನೆಯಲ್ಲಿ ಬೆಳೆದ ನಿನಗೆ ಘಟ್ಟದ ಮೇಲಿನ ನಾನು ಇದನ್ನು ಹೇಳಿಕೊಡಬೇಕೇ?

'ಕತ್ತಲೆಯ ಮಹಾಕಾವ್ಯ' ಎಂದವರ ಪತ್ರವನ್ನು ಒಲೆಗೆ ಹಾಕು. ಅದರಲ್ಲಿ ಮಕ್ಕಳ ಸುದ್ದಿಯೇ ಇಲ್ಲ.

ಕುಮಟೆಯ ನಿವೃತ್ತ ಅಕ್ಕೋರು ಬರೆದದ್ದು ಮಾತ್ರ ಬೇರೆ. 'ಆ ಹುಡುಗಿ 1098ಕ್ಕೆ ಫೋನ್ ಮಾಡಬಹುದಿತ್ತಲ್ಲ' ಎಂದು ಒಂದೇ ಸಾಲು. ನೀನು ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ನಗುವ ಮುಖ ಬರೆದಿದ್ದೀಯ. ನಗುವಂಥದ್ದು ಏನಿದೆ? ಕಟ್ಟಿನಲ್ಲಿರುವ ಅಷ್ಟೂ ಜನರಲ್ಲಿ ಮಕ್ಕಳನ್ನು ಉಳಿಸಲು ಓಡಿದವರು ಅವರೊಬ್ಬರೇ. ಉಳಿದವರೆಲ್ಲ ತಮಗೆ ಎಷ್ಟು ನೋವಾಯಿತು ಎಂದು ಬರೆದಿದ್ದಾರೆ. ಮಕ್ಕಳ ಸಹಾಯವಾಣಿಯ ಆ ನಂಬರು ಶಾಲೆಯ ಗೋಡೆಯ ಮೇಲಿರುತ್ತದೆ, ನಿನ್ನ ಹುಡುಗಿ ಶಾಲೆ ಬಿಟ್ಟವಳು. ನೀನು ಇದನ್ನು ಯೋಚಿಸಿರಲಿಲ್ಲ, ಹೌದೋ ಅಲ್ಲವೋ? ಅವಳು ಆ ಗೋಡೆಯ ಮುಂದೆ ಮೀನಿನ ಬುಟ್ಟಿ ಹೊತ್ತು ಹಾದುಹೋಗುವ ಒಂದು ಸಾಲು ಎಲ್ಲಾದರೂ ಹಾಕು. ಸೇರಿಸುವುದಾದರೆ ಅಷ್ಟೇ.

ಅಕ್ಕೋರಿಗೆ ಉತ್ತರ ಬರೆಯಬೇಡ, ಕುಮಟೆಗೆ ಹೋಗಿ ಕಂಡು ಬಾ. ಇಂಥ ಮಕ್ಕಳು ಅವರ ಕ್ಲಾಸಿನಲ್ಲಿ ಕೂತು ಹೋಗಿರುತ್ತಾರೆ, ಕೇಳಿದರೆ ಹೇಳಿಯಾರು. ಚಿಕ್ಕಪ್ಪನ ಪುಟಗಳನ್ನು ತಿದ್ದಿ ನನಗೆ ಕಳಿಸು, ಪ್ರೆಸ್ಸಿನವರು ಅವಸರ ಮಾಡಿದರೆ ಮಾಸ್ತರು ತಡ ಮಾಡಿದರು ಎಂದು ನನ್ನ ಹೆಸರು ಹೇಳು.

ನಿನ್ನ
ಮಾಸ್ತರು